ಲೇಬಲ್ ಎಲ್ಲಿಂದ ಬರುತ್ತದೆ: ಎಸ್‌ಇಲಿನಕ್ಸ್ ಜೊತೆ ನನ್ನ ಅನುಭವ

ಶಿರಸಿ ಸಮೀಪದ ಒಂದು ಸಹಕಾರಿ ಸಂಘದ ಸರ್ವರನ್ನು ನೋಡಿಕೊಳ್ಳುವ ಕೆಲಸ ನನ್ನದು. ಸದಸ್ಯರ ಹಳೆಯ ಖಾತೆ ಪುಸ್ತಕಗಳನ್ನೂ ಅಡಿಕೆ ವಿಕ್ರಿಯ ಪಟ್ಟಿಗಳನ್ನೂ ಸ್ಕ್ಯಾನ್ ಮಾಡಿ, ಕಚೇರಿಯೊಳಗೆ ಮಾತ್ರ ಸಿಗುವ ಒಂದು ಪುಟದಲ್ಲಿ ಇಟ್ಟಿದ್ದೇವೆ. ಕಳೆದ ಮಳೆಗಾಲದಲ್ಲಿ ಹಳೆಯ ಡಿಸ್ಕ್ ತುಂಬಿದ್ದರಿಂದ ಹೊಸದೊಂದನ್ನು ತಂದು, ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಆಗಿ ಫಾರ್ಮ್ಯಾಟ್ ಮಾಡಿ, ಮೂಲ ಡೈರೆಕ್ಟರಿಯ ಕೆಳಗೆ ‘ದಾಖಲೆ’ ಎಂಬ ಹೆಸರಿನಲ್ಲಿ ಮೌಂಟ್ ಮಾಡಿ (ಅಂದರೆ ಯಂತ್ರದ ಡೈರೆಕ್ಟರಿಗಳ ಸಾಲಿಗೆ ಜೋಡಿಸಿ), ರಾತ್ರಿಯೇ ಎಲ್ಲ ಫೈಲುಗಳನ್ನು ಅದಕ್ಕೆ ನಕಲು ಮಾಡಿದೆ. ಬೆಳಿಗ್ಗೆ ಕಾರ್ಯದರ್ಶಿಗಳ ಫೋನು ಬಂತು: “ತಮಾ, ಫೈಲು ಇದ್ದು, ಆದ್ರೆ ತೆಗೆಯಲೆ ಆಗ್ತಿಲ್ಲೆ.”

ಬ್ರೌಸರ್ 403, ಅಂದರೆ ಪ್ರವೇಶವಿಲ್ಲ ಎಂಬ ದೋಷವನ್ನು, ತೋರಿಸುತ್ತಿತ್ತು. ಮಾಲೀಕತ್ವ, ಓದುವ ಅನುಮತಿ ಎರಡೂ ಸರಿಯಾಗಿದ್ದವು. ಲಿನಕ್ಸ್‌ನಲ್ಲಿ ಇವುಗಳ ಮೇಲೆ ಇನ್ನೊಂದು ಕಾವಲಿದೆ, ಅದೇ ಎಸ್‌ಇಲಿನಕ್ಸ್: ಪ್ರತಿ ಪ್ರಕ್ರಿಯೆಗೂ (ಓಡುತ್ತಿರುವ ಪ್ರೋಗ್ರಾಂ) ಪ್ರತಿ ಫೈಲಿಗೂ ಇರುವ ಲೇಬಲ್ಲನ್ನು, ಮುಖ್ಯವಾಗಿ ಅದರಲ್ಲಿನ ‘ಟೈಪು’ ಎಂಬ ಭಾಗವನ್ನು ನೋಡಿ, ಯಾರು ಏನನ್ನು ಓದಬಹುದು ಎಂದು ಪಾಲಿಸಿ ಎಂಬ ನಿಯಮಗಳ ಪ್ರಕಾರ ತೀರ್ಮಾನಿಸುತ್ತದೆ. ಇಂಥ ಹೊತ್ತಿನಲ್ಲಿ ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡಿಬಿಡುವುದು ಅನೇಕರ ರೂಢಿ. ಸದಸ್ಯರ ಸಾಲದ ಲೆಕ್ಕ ಇರುವ ಯಂತ್ರದಲ್ಲಿ ನಾನು ಅದನ್ನು ಮಾಡುವುದಿಲ್ಲ. ಅದು ತಡೆದದ್ದು ದಾಖಲಾಗುವ ಆಡಿಟ್ ಲಾಗ್ ತೆರೆದೆ. ವೆಬ್ ಸರ್ವರ್‌ನ ಪ್ರಕ್ರಿಯೆ ‘ಎಚ್‌ಟಿಟಿಪಿಡಿ_ಟಿ’ ಎಂಬ ಟೈಪಿನಲ್ಲಿದ್ದರೆ, ಅದು ಓದಲು ಹೋದ ಫೈಲಿನ ಟೈಪು ‘ಅನ್‌ಲೇಬಲ್ಡ್_ಟಿ’ ಎಂದಿತ್ತು, ಅಂದರೆ ಲೇಬಲ್ಲೇ ಇಲ್ಲದ ಫೈಲು.

ಫೈಲಿನ ಹಾದಿಯನ್ನು ನೋಡಿ ಲಿನಕ್ಸ್‌ನ ತಿರುಳಾದ ಕರ್ನೆಲ್ಲೇ ಲೇಬಲ್ ಕೊಡುತ್ತದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಅದು ತಪ್ಪು. ಯಾವ ಹಾದಿಗೆ ಯಾವ ಟೈಪು ಎಂಬ ಪಟ್ಟಿಯನ್ನು ಕರ್ನೆಲ್ ಎಂದೂ ಓದುವುದಿಲ್ಲ. ಅದನ್ನು ಓದಿ ಫೈಲುಗಳಿಗೆ ಲೇಬಲ್ ಹಚ್ಚುವುದು ರೀಸ್ಟೋರ್‌ಕಾನ್‌ನಂತಹ ಹೊರಗಿನ ಉಪಕರಣಗಳು. ಕರ್ನೆಲ್ ತನ್ನ ತೀರ್ಮಾನವನ್ನು ಅದಕ್ಕೂ ಮೊದಲೇ, ಫೈಲ್‌ಸಿಸ್ಟಮ್ ಮೌಂಟ್ ಆಗುವ ಕ್ಷಣದಲ್ಲಿ, ಯಾವ ಫೈಲಿನ ಮುಖವನ್ನೂ ನೋಡದೆ ಮಾಡಿರುತ್ತದೆ. ಆಗ ಅದು ಪಾಲಿಸಿಯನ್ನು ಕೇಳುವ ಪ್ರಶ್ನೆ ಒಂದೇ: ಈ ಬಗೆಯ ಫೈಲ್‌ಸಿಸ್ಟಮ್‌ನಲ್ಲಿ ಲೇಬಲ್ಲನ್ನು ಎಲ್ಲಿಂದ ತರಬೇಕು?

ಮಂಡಿಗೆ ಬರುವ ಅಡಿಕೆ ಚೀಲಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕೆಲವು ಚೀಲಗಳಿಗೆ ಚಾಲಿ, ರಾಶಿ, ಬೆಟ್ಟೆ ಎಂದು ಚೀಟಿ ಕಟ್ಟಿರುತ್ತಾರೆ. ಇನ್ನು ಕೆಲವಕ್ಕೆ ಚೀಟಿ ಕಟ್ಟಲು ಜಾಗವೇ ಇರುವುದಿಲ್ಲ, ಬಂದ ಗಾಡಿಯನ್ನು ನೋಡಿಯೇ ಗುರುತಿಸಬೇಕು. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳು ಮೊದಲನೆಯ ಬಗೆಯವು: ಪ್ರತಿ ಫೈಲಿನ ಜೊತೆಗೂ ‘ಸೆಕ್ಯುರಿಟಿ.ಎಸ್‌ಇಲಿನಕ್ಸ್’ ಎಂಬ ವಿಸ್ತೃತ ಗುಣವಿರುತ್ತದೆ, ಬಳಕೆದಾರ, ಪಾತ್ರ, ಟೈಪು, ಹಂತ ಎಂಬ ನಾಲ್ಕು ಭಾಗಗಳ ಲೇಬಲ್ ಅದರಲ್ಲಿ ಬರೆದಿರುತ್ತದೆ, ಮತ್ತು ಪಾಲಿಸಿಯಲ್ಲಿ ‘ಎಫ್‌ಎಸ್_ಯೂಸ್_ಎಕ್ಸ್‌ಆಟರ್’ ಎಂಬ ಸಾಲು ಇವುಗಳ ಹೆಸರಿಗಿರುತ್ತದೆ. ಮೆಮೊರಿಯಲ್ಲೇ ಇರುವ ಟೆಂಪ್‌ಎಫ್‌ಎಸ್‌ನಲ್ಲಿ ಲೇಬಲ್ಲನ್ನು ಫೈಲು ಹುಟ್ಟುವಾಗ, ಅದನ್ನು ಹುಟ್ಟಿಸಿದ ಪ್ರಕ್ರಿಯೆಯನ್ನೂ ಅದು ಹುಟ್ಟಿದ ಜಾಗವನ್ನೂ ನೋಡಿ ನಿಗದಿ ಮಾಡಲಾಗುತ್ತದೆ. ಪ್ರಕ್ರಿಯೆಗಳು ಮಾತಾಡಿಕೊಳ್ಳಲು ಬಳಸುವ ಪೈಪು, ಸಾಕೆಟ್‌ಗಳು ತಮ್ಮನ್ನು ಹುಟ್ಟಿಸಿದ ಪ್ರಕ್ರಿಯೆಯ ಲೇಬಲ್ಲನ್ನೇ ಪಡೆಯುತ್ತವೆ. ಪಾಲಿಸಿಯ ಇಂಥ ಸಾಲುಗಳಲ್ಲಿ ಹೆಸರಿಲ್ಲದ ಫೈಲ್‌ಸಿಸ್ಟಮ್‌ಗಳನ್ನು ಕರ್ನೆಲ್, ಫೈಲ್‌ಸಿಸ್ಟಮ್‌ನ ಹೆಸರಿನಿಂದಲೇ ಲೇಬಲ್ ಹೇಳುವ ‘ಜೆನ್‌ಎಫ್‌ಎಸ್‌ಕಾನ್’ ಸಾಲುಗಳಲ್ಲಿ ಹುಡುಕುತ್ತದೆ. ಪೆನ್‌ಡ್ರೈವ್‌ಗಳ ವಿಫ್ಯಾಟ್, ಸಿಡಿಗಳ ಐಎಸ್‌ಒ9660, ಕರ್ನೆಲ್ ತನ್ನ ಮಾಹಿತಿಯನ್ನು ತೋರಿಸುವ ಪ್ರಾಕ್ ಮುಂತಾದವು ಸಿಗುವುದು ಅಲ್ಲಿ. ಅಲ್ಲಿಯೂ ಸಿಗದಿದ್ದರೆ ಲೇಬಲ್ ಇಲ್ಲ ಎಂದೇ ಲೆಕ್ಕ.

ನನ್ನ ಹೊಸ ಡಿಸ್ಕಿನಲ್ಲಿ ಆದದ್ದು ಆಗ ಅರ್ಥವಾಯಿತು. ಎಕ್ಸ್‌ಎಫ್‌ಎಸ್ ಚೀಟಿ ಹಿಡಿಯಬಲ್ಲದು, ಆದರೆ ಆಗಷ್ಟೇ ಫಾರ್ಮ್ಯಾಟ್ ಆದ ಡಿಸ್ಕಿನ ಬೇರು ಡೈರೆಕ್ಟರಿಗೆ ಯಾರೂ ಚೀಟಿ ಕಟ್ಟಿರಲಿಲ್ಲ. ಪಾಲಿಸಿಯಲ್ಲಿ ಬೇರೆ ನಿಯಮವಿಲ್ಲದಿದ್ದರೆ ಹೊಸ ಫೈಲು ತಾನು ಹುಟ್ಟಿದ ಡೈರೆಕ್ಟರಿಯ ಟೈಪನ್ನೇ ಪಡೆಯುತ್ತದೆಯಾದ್ದರಿಂದ, ರಾತ್ರಿ ನಕಲಾದ ಪ್ರತಿಯೊಂದು ಫೈಲೂ ಆ ಇಲ್ಲದ ಲೇಬಲ್ಲನ್ನೇ ಪಡೆದಿತ್ತು. ರೀಸ್ಟೋರ್‌ಕಾನ್ ಓಡಿಸಿದೆ; ‘ಡೀಫಾಲ್ಟ್_ಟಿ’ ಬಂತು, ಏಕೆಂದರೆ ‘ದಾಖಲೆ’ ಎಂಬ ಹಾದಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ವೆಬ್ ಸರ್ವರಿಗೆ ಅದನ್ನೂ ಓದುವ ಹಕ್ಕಿಲ್ಲ. ಕೊನೆಗೆ ಹಾದಿಗಳ ಪಟ್ಟಿಯನ್ನು ತಿದ್ದುವ ಎಸ್‌ಇಮ್ಯಾನೇಜ್‌ನಿಂದ ಆ ಹಾದಿಗೆ, ವೆಬ್ ಸರ್ವರ್ ಓದಬಲ್ಲ ‘ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ’ ಎಂಬ ಟೈಪನ್ನು ಸೇರಿಸಿ, ಮತ್ತೆ ರೀಸ್ಟೋರ್‌ಕಾನ್ ಓಡಿಸಿದ ಮೇಲೆ ಪುಟ ತೆರೆಯಿತು.

ಎರಡನೆಯ ತೊಡಕು ಬಂದದ್ದು ಘಟ್ಟದ ಕೆಳಗಿನಿಂದ. ಅಲ್ಲಿ ಸ್ಕ್ಯಾನ್ ಆದ ಕಡತಗಳು ತಿಂಗಳಿಗೊಮ್ಮೆ ಪೆನ್‌ಡ್ರೈವ್‌ನಲ್ಲಿ ಬಸ್ಸು ಹತ್ತಿ ಬರುತ್ತವೆ, ಮತ್ತು ಅವನ್ನು ಡಿಸ್ಕಿಗೆ ಇಳಿಸುವ ಮೊದಲು ಅದೇ ಪುಟದಲ್ಲಿ ಪರಿಶೀಲಿಸಬೇಕಾಗುತ್ತದೆ. ಪೆನ್‌ಡ್ರೈವ್ ವಿಫ್ಯಾಟ್. ಅದರ ಒಳಗಿನ ಎಲ್ಲ ಫೈಲುಗಳೂ ‘ಡಾಸ್‌ಎಫ್‌ಎಸ್_ಟಿ’. ಫೈಲಿನ ಲೇಬಲ್ಲನ್ನು ನೇರವಾಗಿ ತಿದ್ದುವ ಸಿಎಚ್‌ಕಾನ್‌ನಿಂದ ಬದಲಿಸಲು ಹೋದರೆ ಈ ಕ್ರಿಯೆಗೆ ಬೆಂಬಲವಿಲ್ಲ ಎಂಬ ಉತ್ತರ ಬಂತು. ಮೌಂಟ್ ಆಗಿರುವುದನ್ನೆಲ್ಲ ತೋರಿಸುವ, ಪ್ರಾಕ್‌ನ ಮೌಂಟ್ಸ್ ಫೈಲನ್ನು ತೆರೆದು ಎರಡು ಸಾಲುಗಳನ್ನು ಪಕ್ಕಪಕ್ಕ ನೋಡಿದಾಗ ಕಾರಣ ಕಣ್ಣೆದುರಿಗೇ ಇತ್ತು: ಎಕ್ಸ್‌ಎಫ್‌ಎಸ್‌ನ ಸಾಲಿನಲ್ಲಿ ‘ಸೆಕ್‌ಲೇಬಲ್’ ಎಂಬ ಪದವಿದೆ, ಪೆನ್‌ಡ್ರೈವ್‌ನ ಸಾಲಿನಲ್ಲಿ ಇಲ್ಲ. ಲೇಬಲ್ ಬದಲಿಸಲು ಕರ್ನೆಲ್ ಒಪ್ಪುವ ಫೈಲ್‌ಸಿಸ್ಟಮ್‌ಗೆ ಮಾತ್ರ ಆ ಪದ ಕಾಣಿಸುತ್ತದೆ. ಅಂದಿನಿಂದ ಇಂಥ ಯಾವುದೇ ದೂರು ಬಂದರೂ ನಾನು ಮೊದಲು ನೋಡುವುದು ಈ ಫೈಲನ್ನೇ.

ಇಂಥ ಫೈಲ್‌ಸಿಸ್ಟಮ್‌ಗೆ ಇರುವ ದಾರಿ ಮೌಂಟ್ ಮಾಡುವಾಗಲೇ ‘ಕಾಂಟೆಕ್ಸ್ಟ್’ ಆಯ್ಕೆಯಲ್ಲಿ ಲೇಬಲ್ಲನ್ನು ಹೇಳಿಬಿಡುವುದು. ಆಗ ಕರ್ನೆಲ್ ಇಡೀ ಗಾಡಿಯನ್ನು ಒಂದೇ ಬಗೆಯೆಂದು ಕಾಣುತ್ತದೆ. ಪೆನ್‌ಡ್ರೈವ್ ಮೇಲೆ ಏನನ್ನೂ ಬರೆಯುವುದಿಲ್ಲ, ಕಳಚಿದ ಮೇಲೆ ಏನೂ ಉಳಿಯುವುದಿಲ್ಲ. ಮೌಂಟ್ ಆಗಿರುವುದರ ಮೇಲೆಯೇ ರೀಮೌಂಟ್ ಮಾಡಿ ಲೇಬಲ್ ಬದಲಿಸಲು ನೋಡಿದೆ. ಕರ್ನೆಲ್ ಒಪ್ಪಲಿಲ್ಲ, ಭದ್ರತಾ ಆಯ್ಕೆಗಳನ್ನು ರೀಮೌಂಟ್‌ನಲ್ಲಿ ಬದಲಿಸಲಾಗದು ಎಂದು ತನ್ನ ಸಂದೇಶಗಳಲ್ಲಿ ಬರೆದಿತ್ತು. ಪೂರ್ತಿ ಕಳಚಿ ಹೊಸದಾಗಿ ಮೌಂಟ್ ಮಾಡಿದಾಗ ಕೆಲಸವಾಯಿತು.

ಆದರೆ ಸಿಕ್ಕಿಸಿದ ಪ್ರತಿ ಪೆನ್‌ಡ್ರೈವ್‌ಗೂ ವೆಬ್ ಸರ್ವರ್ ಓದಬಲ್ಲ ಲೇಬಲ್ ಸಿಗುವುದು ನನಗೆ ಸರಿಕಾಣಲಿಲ್ಲ, ಯಾರೋ ತಂದ ಖಾಸಗಿ ಫೈಲೂ ಪುಟದಲ್ಲಿ ತೆರೆದುಕೊಂಡೀತು. ಆದ್ದರಿಂದ, ಯಾವುದನ್ನು ಹೇಗೆ ಮೌಂಟ್ ಮಾಡಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಒಂದು ಪೆನ್‌ಡ್ರೈವ್‌ನ ಗುರುತಿನ ಸಂಖ್ಯೆಗೆ ಮಾತ್ರ, ಓದಲಷ್ಟೇ ಬರುವಂತೆ, ಈ ಆಯ್ಕೆಯನ್ನು ಬರೆದಿದ್ದೇನೆ. ಉಳಿದವು ಡಾಸ್‌ಎಫ್‌ಎಸ್_ಟಿ ಆಗಿಯೇ ಇರುತ್ತವೆ. ಪರಿಶೀಲನೆ ಮುಗಿದ ಕಡತಗಳನ್ನು ‘ದಾಖಲೆ’ಗೆ ನಕಲು ಮಾಡಿ, ಒಮ್ಮೆ ರೀಸ್ಟೋರ್‌ಕಾನ್ ಓಡಿಸಿ, ಪೆನ್‌ಡ್ರೈವನ್ನು ಸಂಜೆಯ ಬಸ್ಸಿಗೆ ಕಳಿಸುತ್ತೇನೆ.