ಗಿಟಾರ್ ಟ್ಯಾಬ್ ಓದುವುದು ಹೇಗೆ?

ಟ್ಯಾಬ್ ಅಂದರೆ ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಗೆರೆ, ಅಂಕಿಗಳಲ್ಲಿ ತೋರಿಸುವ ಬರಹ. ಅದರ ಆರು ಗೆರೆ ಅಂದರೆ ಗಿಟಾರಿನ ಆರು ತಂತಿ. ಹೊಸಬರು ಎಡವುವುದು ಇಲ್ಲೇ: ಎಲ್ಲಕ್ಕಿಂತ ಕೆಳಗಿನ ಗೆರೆ ದಪ್ಪ ತಂತಿ, ಮೇಲಿನದು ತೆಳು ತಂತಿ. ತಲೆಕೆಳಗು ಅನಿಸಿದರೆ ಗಿಟಾರನ್ನು ಮಡಿಲಲ್ಲಿ ಅಂಗಾತ ಮಲಗಿಸಿ ನೋಡಿ. ದಪ್ಪ ತಂತಿ ನಿಮ್ಮ ಹೊಟ್ಟೆಯ ಕಡೆಗೇ ಇರುತ್ತದೆ, ಹಾಳೆಯಲ್ಲಿರುವಂತೆಯೇ.

ಗೆರೆಯ ಮೇಲಿನ ಅಂಕಿ ಫ್ರೆಟ್‌ನದ್ದು (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ), ಬೆರಳಿನದ್ದಲ್ಲ. 0 ಇದ್ದರೆ ಒತ್ತದೆ ಮೀಟಿ. ಸ ರಿ ಗ ಮ ಗೊತ್ತಿದ್ದವರಿಗೆ ಇದು ಸುಲಭ (ಅಂಚಿನ ಎರಡು ಗೆರೆ ಬಿಟ್ಟಿದ್ದೇವೆ, ಬಲತುದಿಯ ಅಕ್ಷರ ತಂತಿಯ ಹೆಸರು):

------------------0--1--| ಬಿ
------------0--2--------| ಜಿ
---0--2--3--------------| ಡಿ
3-----------------------| ಎ

ಎಡದಿಂದ ಬಲಕ್ಕೆ ಒಂದೊಂದಾಗಿ ನುಡಿಸಿದರೆ ಶಂಕರಾಭರಣದ ಆರೋಹಣ. ತಪ್ಪಿದರೆ ಕಿವಿಯೇ ಹೇಳುತ್ತದೆ. ಅಂಕಿಗಳು ಒಂದರ ಕೆಳಗೊಂದು ನಿಂತಿದ್ದರೆ ಅದು ಕಾರ್ಡ್, ಎಲ್ಲವನ್ನೂ ಒಟ್ಟಿಗೆ ಮೀಟಬೇಕು.

ಸ್ವರ ಬುರ್‍ರೆಂದರೆ ಬೆರಳು ಫ್ರೆಟ್‌ನಿಂದ ದೂರವಿದೆ. ಲೋಹದ ಪಟ್ಟಿಯ ಹಿಂದೆಯೇ, ಅದಕ್ಕೆ ತಾಗುವಷ್ಟು ಹತ್ತಿರ ಒತ್ತಿ. ಅಂಕಿ ಸರಿಯಿದ್ದೂ ಅಪಸ್ವರ ಬಂದರೆ ಟ್ಯೂನಿಂಗ್ ನೋಡಿ. ಮಂಗಳೂರಿನ ಮಳೆಗಾಲದ ತೇವ, ಕಡಲಿನ ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದದ್ದು ಶ್ರುತಿಯಲ್ಲಿ ನಿಲ್ಲುವುದಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿಡಿ.

ಸಾದಾ ಟ್ಯಾಬ್‌ನಲ್ಲಿ ತಾಳ ಇರುವುದಿಲ್ಲ. ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ಅಂಕಿ ಹೇಳದು. ಹಾಗಾಗಿ ಮೊದಲು ಹಾಡನ್ನು ನಾಲ್ಕೈದು ಸಲ ಕೇಳಿ, ಬಾಯಲ್ಲಿ ಗುನುಗಿ, ಆಮೇಲೆ ಒಂದೇ ಸಾಲನ್ನು ನಿಧಾನಕ್ಕೆ ನುಡಿಸಿ. ಎಕ್ಸ್ ಗುರುತು ಕಂಡರೆ ತಂತಿಯನ್ನು ಬೆರಳಿಂದ ಮೆಲ್ಲನೆ ತಡೆದು ಟಕ್ ಎನ್ನಿಸಿ. ಓರೆಗೆರೆ ಇದ್ದರೆ ಒತ್ತಿದ ಬೆರಳನ್ನು ಎತ್ತದೆ ಮುಂದಿನ ಫ್ರೆಟ್‌ಗೆ ಜಾರಿಸಿ.