ಅಮೆರಿಕದಲ್ಲಿ ಕಂಪನಿ ತೆರೆಯುವ ಮೊದಲು ನಾವು ಬಗೆಹರಿಸಿಕೊಂಡ ಪ್ರಶ್ನೆ: ಕೋಡ್ ಯಾರದು?

ಗೋದಾಮುಗಳ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಬರೆಯುವವರು, ನಡೆಸುವವರು ಎಲ್ಲ ಮೈಸೂರಿನಲ್ಲೇ ಇದ್ದೇವೆ. ಅಮೆರಿಕದಲ್ಲಿ ಗಿರಾಕಿಗಳು ಸಿಗತೊಡಗಿದಾಗ ಮಾತುಕತೆ ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಅವರ ಖರೀದಿ ವಿಭಾಗದವರು ಡಬ್ಲ್ಯೂ-9 ಫಾರ್ಮ್ (ಅಲ್ಲಿನ ತೆರಿಗೆ ಗುರುತಿನ ಸಂಖ್ಯೆ ತಿಳಿಸುವ ಪತ್ರ) ಕೇಳುತ್ತಿದ್ದರು. ಅದನ್ನು ಕೊಡಲು ಅಲ್ಲಿನ ಕಂಪನಿಯೇ ಆಗಬೇಕು. ಹಣವನ್ನೂ ಅಲ್ಲಿನ ಬ್ಯಾಂಕ್ ಖಾತೆಗೇ ಹಾಕುತ್ತೇವೆ ಎನ್ನುತ್ತಿದ್ದರು. ಹಾಗಾಗಿ ಅಲ್ಲೊಂದು ಕಂಪನಿ ಬೇಕೇ ಬೇಕಾಯಿತು.

ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಕಂಪನಿ ನೋಂದಾಯಿಸುವುದು ದೊಡ್ಡ ಕೆಲಸವೇ ಅಲ್ಲ. ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿ ಕೆಲವು ನೂರು ಡಾಲರ್ ಕಟ್ಟಿದರೆ ಮುಗೀತು. ನಾವು ಹಾಗೇ ಶುರು ಮಾಡಲು ಹೊರಟಾಗ ನಮ್ಮ ಸಿ.ಎ. ಮೇಡಂ ತಡೆದರು. "ಡೆಲವೇರ್ ವಿಷಯ ಆಮೇಲೆ ನೋಡೋಣ ಸರ್. ಮೊದಲು ಇದನ್ನ ಹೇಳಿ, ಕೋಡ್ ಯಾವ ಕಂಪನಿ ಹೆಸರಲ್ಲಿರುತ್ತೆ?" ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಉಳಿದ ತೆರಿಗೆ ವಿಷಯಗಳು ಒಂದೊಂದಾಗಿ ಅದರ ಹಿಂದೆಯೇ ಬಂದವು.

ಸ್ಟಾರ್ಟಪ್‌ಗಳಲ್ಲಿ ಜಾಸ್ತಿ ಕೇಳಿಬರುವ ದಾರಿ ಎಂದರೆ ಅಮೆರಿಕದ ಕಂಪನಿಯನ್ನು ಮೇಲಿಟ್ಟು, ಅದರ ಕೆಳಗೆ ಭಾರತದ ಕಂಪನಿಯನ್ನು ಇಡುವುದು. ಅಲ್ಲಿನ ಹೂಡಿಕೆದಾರರು ಹೀಗೇ ಕೇಳುತ್ತಾರೆ. ಆದರೆ ಸಂಸ್ಥಾಪಕರು ಭಾರತದಲ್ಲೇ ವಾಸವಿದ್ದರೆ ನಮ್ಮ ವಿದೇಶಿ ವಿನಿಮಯ ಕಾನೂನು ಫೆಮಾ ಅಡ್ಡ ಬರುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ ಹೊರದೇಶದ ಹೂಡಿಕೆ ನಿಯಮಗಳ ಪ್ರಕಾರ, ಇಲ್ಲಿನ ನಿವಾಸಿಯೊಬ್ಬರು ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಹೊರಗಿನ ಕಂಪನಿಯಲ್ಲಿ ಹಣ ಹಾಕಬಹುದು. ಆದರೆ ಆ ಕಂಪನಿಯ ಹಿಡಿತ ಅವರ ಕೈಯಲ್ಲೇ ಇದ್ದರೆ, ಅದರ ಕೆಳಗೆ ಇನ್ನೊಂದು ಕಂಪನಿ ಇರುವ ಹಾಗಿಲ್ಲ. ಮತದ ಹಕ್ಕು ಶೇ 10 ಇದ್ದರೂ ಅದನ್ನು ಹಿಡಿತ ಎಂದೇ ಎಣಿಸಬಹುದು. ಅಂದರೆ ನಾವಿಬ್ಬರು ಪಾಲುದಾರರು ಮೈಸೂರಿನಲ್ಲಿ ಕೂತು ಡೆಲವೇರ್ ಕಂಪನಿ ಮಾಡಿ, ಅದರ ಕೆಳಗೆ ಮೈಸೂರಿನ ಕಂಪನಿಯನ್ನು ತರುವ ದಾರಿ ಅಲ್ಲಿಗೇ ಮುಚ್ಚಿತು.

ಅಮೆರಿಕದ ಆದಾಯ ತೆರಿಗೆಯ 174ನೇ ಸೆಕ್ಷನ್ ಇದಕ್ಕಿಂತ ದೊಡ್ಡ ಪೆಟ್ಟು. ಕೋಡ್‌ನ ಹಕ್ಕು ಅಮೆರಿಕದ ಕಂಪನಿಯದ್ದಾಗಿದ್ದು, ಕೆಲಸ ಹೊರದೇಶದಲ್ಲಿ ನಡೆದರೆ, ಆ ಖರ್ಚನ್ನು ಅದೇ ವರ್ಷ ಪೂರ್ತಿ ಕಳೆಯಲು ಬಿಡುವುದಿಲ್ಲ. 2022ರಿಂದ ಅದನ್ನು 15 ವರ್ಷಕ್ಕೆ ಹಂಚಬೇಕು. 2025ರಲ್ಲಿ ಕಾನೂನು ತಿದ್ದಿದಾಗ ಅಮೆರಿಕದೊಳಗೆ ನಡೆಯುವ ಕೆಲಸಕ್ಕೆ ವಿನಾಯಿತಿ ಸಿಕ್ಕಿತು, ಹೊರದೇಶದ ಕೆಲಸಕ್ಕೆ ಸಿಗಲಿಲ್ಲ. ನಾವು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ಅಮೆರಿಕದ ಕಂಪನಿಗೆ 5,00,000 ಡಾಲರ್ ಆದಾಯ ಬಂತು, ಅದರಲ್ಲಿ 4,50,000 ಡಾಲರ್ ಮೈಸೂರಿನ ಡೆವಲಪ್‌ಮೆಂಟ್ ಕೆಲಸಕ್ಕೆ ಹೋಯಿತು ಅಂದುಕೊಳ್ಳಿ. ಕೈಯಲ್ಲಿ ಉಳಿದದ್ದು 50,000. ಮೊದಲ ವರ್ಷ ಅರ್ಧ ವರ್ಷದ ಪಾಲು ಮಾತ್ರ ಸಿಗುವುದರಿಂದ ಖರ್ಚೆಂದು ಕಳೆಯಬಹುದಾದದ್ದು 15,000. ಉಳಿದ 4,85,000ಕ್ಕೆ ಶೇ 21ರಂತೆ ತೆರಿಗೆ 1,01,850 ಡಾಲರ್! ಲಾಭದ ಎರಡರಷ್ಟು ತೆರಿಗೆ. ಉಳಿದ ಖರ್ಚು ಮುಂದಿನ ವರ್ಷಗಳಲ್ಲಿ ಲೆಕ್ಕಕ್ಕೆ ಬರುತ್ತದೆ ನಿಜ. ಆದರೆ ಈ ವರ್ಷದ ಸಂಬಳ ಕೊಡಬೇಕಾದ್ದು ಈ ವರ್ಷವೇ ಅಲ್ವಾ?

ಹೀಗಾಗಿ ನಮ್ಮ ತೀರ್ಮಾನ ಗಟ್ಟಿಯಾಯಿತು. ಕೋಡ್, ಪೇಟೆಂಟ್, ಟ್ರೇಡ್‌ಮಾರ್ಕ್ ಎಲ್ಲ ಮೈಸೂರಿನ ಕಂಪನಿಯದ್ದೇ. ಅಮೆರಿಕದ ಕಂಪನಿ ಅದರ ಕೆಳಗಿನದು, ಅದರ ಕೆಲಸ ಮಾರಾಟ ಮಾತ್ರ. ಹೊರಗಿನ ಬಂಡವಾಳ ಇಲ್ಲದೆ ನಡೆಯುವ ಕಂಪನಿಗೆ ಇದೇ ಸರಿಯಾದ ದಾರಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಭಾರತದ ಕಂಪನಿ ತನ್ನ ನಿವ್ವಳ ಮೌಲ್ಯದ ಶೇ 400ರವರೆಗೆ ಹೊರದೇಶದಲ್ಲಿ ಹೂಡಲು ರಿಸರ್ವ್ ಬ್ಯಾಂಕಿನ ಮೊದಲ ಅನುಮತಿ ಬೇಕಿಲ್ಲ. ಆದರೆ ಹಣ ಕಳಿಸುವ ಮೊದಲೇ ಬ್ಯಾಂಕಿನಲ್ಲಿ ಹೂಡಿಕೆಯ ವಿವರದ ಎಫ್‌ಸಿ ಫಾರ್ಮ್ ಕೊಟ್ಟು, ಆ ಹೂಡಿಕೆಯ ಗುರುತಿನ ಸಂಖ್ಯೆಯಾದ ಯು.ಐ.ಎನ್. ಪಡೆಯಬೇಕು. ಷೇರು ಸರ್ಟಿಫಿಕೇಟನ್ನು 6 ತಿಂಗಳೊಳಗೆ ಬ್ಯಾಂಕಿಗೆ ಕೊಡಬೇಕು. ಇದನ್ನೆಲ್ಲ ದಿನವೂ ನೋಡುವ ಶಾಖೆ ಸಿಗುವುದು ಕಷ್ಟ. ನಮ್ಮ ಕಡತ ಬೆಂಗಳೂರಿನ ವಿದೇಶಿ ವಿನಿಮಯ ಶಾಖೆಗೆ ಹೋದ ಮೇಲೇ ಮುಂದೆ ಸರಿದದ್ದು. ಅಲ್ಲಿನ ಅಧಿಕಾರಿಯ ಜೊತೆ ಮೊದಲೇ ಮಾತಾಡಿ, ಬೋರ್ಡ್ ನಿರ್ಣಯದ ಒಕ್ಕಣೆಯನ್ನೂ ತೋರಿಸಿಕೊಳ್ಳಿ.

ಇನ್ನು ಎರಡು ಕಂಪನಿಗಳ ನಡುವಿನ ಬೆಲೆ. ಅಮೆರಿಕದ ಕಂಪನಿ ಗಿರಾಕಿಯಿಂದ ಹಣ ತೆಗೆದುಕೊಂಡು, ತನ್ನ ಮಾರಾಟದ ಖರ್ಚು ಮತ್ತು ಒಂದು ಸಮಂಜಸ ಲಾಭ ಇಟ್ಟುಕೊಂಡು, ಉಳಿದದ್ದನ್ನು ಮೈಸೂರಿಗೆ ಕಳಿಸುತ್ತದೆ. ಆ ಲಾಭ ಎಷ್ಟಿರಬೇಕು ಎಂದು ನಾವಾಗೇ ಹೇಳುವಂತಿಲ್ಲ. ಅದೇ ಕೆಲಸ ಮಾಡುವ ಬೇರೆ ಕಂಪನಿಗಳ ಜೊತೆ ಹೋಲಿಸಿದ ವರದಿ ಬೇಕು, ಲಿಖಿತ ಒಪ್ಪಂದ ಬೇಕು, ಈ ವ್ಯವಹಾರಗಳ ಬಗ್ಗೆ ವರ್ಷ ವರ್ಷ ಸಿ.ಎ. ವರದಿ ಬೇಕು. ಅಮೆರಿಕದಲ್ಲಿ ತೆರಿಗೆ ಶೇ 21, ಇಲ್ಲಿ ನಮಗೆ ಶೇ 25.17. ಹಾಗಾದರೆ ಅಲ್ಲೇ ಜಾಸ್ತಿ ಲಾಭ ಬಿಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕಿ. ಅಲ್ಲಿ 100 ಡಾಲರ್ ಲಾಭ ಬಂದರೆ 21 ತೆರಿಗೆ. ಉಳಿದ 79ನ್ನು ಡಿವಿಡೆಂಡ್ ಆಗಿ ತಂದರೆ ಎರಡೂ ದೇಶಗಳ ಒಪ್ಪಂದದಂತೆ ಶೇ 15 ಅಲ್ಲೇ ಹಿಡಿಯುತ್ತಾರೆ. ಇಲ್ಲಿ ಆ 79ಕ್ಕೆ ಮತ್ತೆ ತೆರಿಗೆ, ಅದರಿಂದ ಅಲ್ಲಿ ಹಿಡಿದ ಶೇ 15ನ್ನು ಮಾತ್ರ ಕಳೆಯಬಹುದು. ಕೊನೆಗೆ ಕೈಗೆ ಬರುವುದು ಸುಮಾರು 59. ಅದೇ 100 ನೇರವಾಗಿ ಮೈಸೂರಿನ ಲಾಭವಾಗಿದ್ದರೆ ಸುಮಾರು 75 ಉಳಿಯುತ್ತಿತ್ತು. ಮೈಸೂರಿನ ಕಂಪನಿ ಅಮೆರಿಕಕ್ಕೆ ಕೊಡುವ ಬಿಲ್ ರಫ್ತು ಎಂದಾಗುವುದರಿಂದ ಜಿ.ಎಸ್.ಟಿ. ಬೀಳುವುದಿಲ್ಲ, ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರವನ್ನು (ಎಲ್.ಯು.ಟಿ.) ವರ್ಷಕ್ಕೊಮ್ಮೆ ಹೊಸದಾಗಿ ಕೊಟ್ಟರೆ ಸಾಕು.

ಅಲ್ಲಿ ನೋಂದಣಿಯಾದ ಕಂಪನಿ ವರ್ಷ ವರ್ಷ ಕಟ್ಟುವ ಡೆಲವೇರ್‌ನ ಫ್ರಾಂಚೈಸ್ ತೆರಿಗೆಯ ನೋಟಿಸ್ ನೋಡಿ ಗಾಬರಿಯಾಗಬೇಡಿ. 1 ಕೋಟಿ ಷೇರು ಹಂಚಲು ಅಧಿಕಾರ ಪಡೆದ ಕಂಪನಿಗೆ ಅದರಲ್ಲಿ 85,165 ಡಾಲರ್ ಎಂದು ಬರೆದಿರುತ್ತದೆ. ಅದು ಷೇರುಗಳ ಸಂಖ್ಯೆ ಹಿಡಿದು ಮಾಡಿದ ಲೆಕ್ಕ. ಆಸ್ತಿಯ ಮೌಲ್ಯ ಹಿಡಿದು ಮಾಡುವ ಇನ್ನೊಂದು ಲೆಕ್ಕವೂ ಕಾನೂನಿನಲ್ಲೇ ಇದೆ. ಹೆಚ್ಚಿನ ಷೇರುಗಳನ್ನು ಹಂಚಿಬಿಟ್ಟಿರುವ ಸಣ್ಣ ಕಂಪನಿಗೆ ಅದರ ಪ್ರಕಾರ 400 ಡಾಲರ್, ಜೊತೆಗೆ ವಾರ್ಷಿಕ ವರದಿಗೆ 50. ಮಾರ್ಚ್ 1ರೊಳಗೆ ಕಟ್ಟಬೇಕು. ತಡವಾದರೆ 200 ಡಾಲರ್ ದಂಡ.

ನಮಗೆ ಜಾಸ್ತಿ ಓದಿಸಿದ್ದು ರಾಜ್ಯಗಳ ಸೇಲ್ಸ್ ಟ್ಯಾಕ್ಸ್. ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ವೇಫೇರ್ ತೀರ್ಪಿನ ನಂತರ, ಒಂದು ರಾಜ್ಯದಲ್ಲಿ ಕಚೇರಿ ಇಲ್ಲದಿದ್ದರೂ ಮಾರಾಟ ಒಂದು ಮಿತಿ ದಾಟಿದರೆ ಅಲ್ಲಿ ತೆರಿಗೆ ವಸೂಲಿ ಮಾಡಿ ಕಟ್ಟಬೇಕು. ಟೆಕ್ಸಾಸ್‌ನಲ್ಲಿ ಆ ಮಿತಿ 5,00,000 ಡಾಲರ್. ನಮ್ಮ ಮಾರಾಟ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಆದರೆ ಡಲಾಸ್‌ನಲ್ಲಿ ಒಬ್ಬ ಸೇಲ್ಸ್‌ಮನ್ ಅನ್ನು ನೇಮಿಸಿದೆವು. ಒಬ್ಬ ನೌಕರ ಇದ್ದರೂ ಕಂಪನಿ ಅಲ್ಲಿ ನೆಲೆ ಊರಿದಂತೆ, ಆಗ ಮಿತಿಯ ಮಾತೇ ಇಲ್ಲ. ನಮ್ಮಂಥ ಸಾಫ್ಟ್‌ವೇರ್ ಸೇವೆಯನ್ನು ಟೆಕ್ಸಾಸ್ ಡೇಟಾ ಪ್ರೊಸೆಸಿಂಗ್ ಎಂದು ಎಣಿಸಿ, ಬೆಲೆಯ ಶೇ 80ರ ಮೇಲೆ ತೆರಿಗೆ ಹಾಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದೇ ಸೇವೆಗೆ ಈ ತೆರಿಗೆ ಇಲ್ಲ. ಆ ಹುಡುಗ ಕೆಲಸಕ್ಕೆ ಸೇರುವ ಮೊದಲೇ ಟೆಕ್ಸಾಸ್‌ನಲ್ಲಿ ನೋಂದಣಿ ಮುಗಿಸಿದೆವು, ಬಿಲ್‌ನಲ್ಲಿ ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿದೆವು. ಗಿರಾಕಿಗಳು ತಕರಾರು ಮಾಡಲಿಲ್ಲ. ಹಿಂದಿನ ಬಾಕಿ ಎಂದು ಆಮೇಲೆ ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ.

ಅಮೆರಿಕದ ರಿಟರ್ನ್ ಜೊತೆ, ವಿದೇಶಿ ಮಾಲೀಕರ ಜೊತೆಗಿನ ವ್ಯವಹಾರ ತೋರಿಸುವ 5472 ಫಾರ್ಮ್ ಕೊಡುವುದನ್ನು ಬಿಡಬೇಡಿ. ವಿದೇಶಿ ಮಾಲೀಕರಿರುವ ಕಂಪನಿ ಅದನ್ನು ಕೊಡದಿದ್ದರೆ ದಂಡ 25,000 ಡಾಲರ್‌ನಿಂದ ಶುರು, ತೆರಿಗೆ ಸೊನ್ನೆ ಇದ್ದರೂ ಸರಿ. ಇಲ್ಲಿ ರಿಸರ್ವ್ ಬ್ಯಾಂಕಿಗೆ ವಿದೇಶಿ ಆಸ್ತಿ-ಹೊಣೆಗಳ ಎಫ್‌ಎಲ್‌ಎ ರಿಟರ್ನ್ ಜುಲೈ 15ರೊಳಗೆ, ಹೊರದೇಶದ ಕಂಪನಿಯ ವಾರ್ಷಿಕ ವರದಿಯಾದ ಎಪಿಆರ್ ಡಿಸೆಂಬರ್ 31ರೊಳಗೆ. ಎಪಿಆರ್‌ಗೆ ಆಡಿಟ್ ಆದ ಲೆಕ್ಕ ಬೇಕು. ಅಮೆರಿಕದಲ್ಲಿ ನಮ್ಮಂಥ ಸಣ್ಣ ಖಾಸಗಿ ಕಂಪನಿಗೆ ಆಡಿಟ್ ಕಡ್ಡಾಯವೇ ಅಲ್ಲ. ಆದರೆ ಹಿಡಿತ ಭಾರತದ ಕಂಪನಿಯದ್ದಾದ್ದರಿಂದ ಮಾಡಿಸಲೇಬೇಕು. ಅದರ ಫೀಸನ್ನು ಮೊದಲ ವರ್ಷದ ಬಜೆಟ್‌ನಲ್ಲೇ ಹಾಕಿಡಿ. ಅಲ್ಲಿನ ಸಿ.ಪಿ.ಎ. ಮತ್ತು ಇಲ್ಲಿನ ಸಿ.ಎ. ಇಬ್ಬರನ್ನೂ ಹಣ ಕಳಿಸುವ ಮೊದಲೇ ಒಂದೇ ಕರೆಯಲ್ಲಿ ಕೂರಿಸಿ, ಎರಡು ಕಂಪನಿಗಳ ನಡುವಿನ ಒಪ್ಪಂದವನ್ನು ಇಬ್ಬರಿಂದಲೂ ಓದಿಸಿ.