ಪೆನ್ಸಿಲ್ ಬಿಟ್ಟು, ಕಪ್ಪಿನಿಂದ ಶುರು ಮಾಡಿದೆ

ಪೆನ್ಸಿಲ್ ಮುಟ್ಟದೆ, ಬೀದಿಯಲ್ಲೇ ಕುಳಿತು, ನೇರವಾಗಿ ಶಾಯಿಯಲ್ಲಿ ಮೈಸೂರಿನ ಚಿತ್ರ ಬರೆದು ಹೊಟ್ಟೆ ಹೊರೆಯುತ್ತೇನೆ ಎಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. "ಫೋಟೊ ತೆಗೆದುಕೊಂಡು ಹೋಗಿ ಮನೆಯಲ್ಲಿ ನಿಧಾನವಾಗಿ ಬರೆಯಪ್ಪ, ತಿದ್ದುವುದಕ್ಕಾದರೂ ಆಗುತ್ತದೆ" ಎಂದು ಹಿರಿಯ ಕಲಾವಿದರೊಬ್ಬರು ಬುದ್ಧಿ ಹೇಳಿದರು. ಈಗ ನಾಲ್ಕೈದು ವರ್ಷಗಳಿಂದ ಮನೆಯ ಬಾಡಿಗೆ ಈ ಪೆನ್ನಿನಿಂದಲೇ ಹೋಗುತ್ತಿದೆ.

ನಾನು ಹೊರಗೆರೆಯನ್ನು ಮೊದಲು ಎಳೆಯುವುದಿಲ್ಲ. ದೇವರಾಜ ಮಾರುಕಟ್ಟೆಯ ಹೂವಿನ ಸಾಲು ಎಂದರೆ, ಮಳಿಗೆಯ ಸೂರಿನ ಕೆಳಗಿನ ಕತ್ತಲನ್ನು ಮೊದಲ ಹತ್ತು ನಿಮಿಷದಲ್ಲೇ ತುಂಬಿಬಿಡುತ್ತೇನೆ. ತಕ್ಕಡಿಯ ತಟ್ಟೆ, ಮಲ್ಲಿಗೆಯ ಕುಕ್ಕೆ, ಹೂ ಕಟ್ಟುವಾಕೆಯ ಮೊಣಕೈ ಆ ಕಪ್ಪಿನೊಳಗೆ ಬಿಳಿಯಾಗಿ ಉಳಿಯುತ್ತವೆ. ಬಿಸಿಲು ಜರುಗಿದರೂ ಕಾಗದದ ಮೇಲಿನ ನೆರಳು ಜರುಗುವುದಿಲ್ಲ. ಕಟ್ಟಡದ ಅಳತೆ ಆ ನೆರಳಿಗೆ ಹೊಂದಿಕೊಂಡು ತಾನೇ ಕೂರುತ್ತದೆ. ಪೆನ್ಸಿಲ್ ಗೆರೆಯ ಮೇಲೆ ಪೆನ್ನು ಓಡಿಸಿದ ಚಿತ್ರ ಇದರ ಪಕ್ಕದಲ್ಲಿ ಪೇಲವವಾಗಿ ಕಾಣುತ್ತದೆ. ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖೆಗಳನ್ನು ಗಂಟೆಗಟ್ಟಲೆ ನೋಡಿದವನು ನಾನು. ಅಳುಕದ ಗೆರೆ ಎಂದರೇನು ಎಂದು ಕಲಿತದ್ದು ಅಲ್ಲಿಂದಲೇ.

ಶಾಯಿಗೆ ಸುರಿದ ದುಡ್ಡು ಕಡಿಮೆಯಲ್ಲ. ಶೆಲ್ಯಾಕ್, ಅಂದರೆ ಅರಗು, ಇರುವ ಇಂಡಿಯನ್ ಇಂಕ್ ಎರಡು ಒಳ್ಳೆಯ ಪೆನ್ನುಗಳ ಗಂಟಲು ಕಟ್ಟಿಸಿತು, ಐದಾರು ಸಾವಿರ ಹೋಯಿತು. ಮಾಮೂಲಿ ಶಾಯಿಯ ಮೇಲೆ ಒದ್ದೆ ಕುಂಚ ಆಡಿಸಿದರೆ ಎಲ್ಲವೂ ಹರಡುತ್ತದೆ. ಕೈಕಾಗದದ ನಾರು ನಿಬ್ಬಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಕೈಹಿಡಿದದ್ದು ಒಣಗಿದ ಮೇಲೆ ನೀರಿಗೆ ಹರಡದ ಪಿಗ್ಮೆಂಟ್ ಶಾಯಿ, 300 ಜಿಎಸ್‌ಎಮ್‌ನ ದಪ್ಪ, ನುಣುಪು ಕಾಗದ. ಬೂದು ಛಾಯೆಗೆ ಎಷ್ಟು ಹನಿಗೆ ಎಷ್ಟು ನೀರು ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಅನ್ನ.

ನಡುವೆ ತೀರ್ಥಹಳ್ಳಿಯ ಕಡೆಯಿಂದ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಗಟ್ಟಿ ನೀರು) ತರಿಸಿ ಬಿದಿರಿನ ಲೇಖನಿಯಲ್ಲಿ ಬರೆದೂ ನೋಡಿದೆ. ಬರೀ ಚೊಗರು ಚಂದದ ಕೆಂಗಂದು. ತುಕ್ಕು ಹಿಡಿದ ಮೊಳೆ ನೆನೆಹಾಕಿದರೆ ಕಪ್ಪಿಗೆ ತಿರುಗುತ್ತದೆ. ಹೆಂಚಿನ ಸೂರಿಗೆ ಅಂಥ ಬಣ್ಣ ಯಾವ ಸೀಸೆಯಲ್ಲೂ ಸಿಗದು. ಆದರೆ ಮಳೆಗಾಲದಲ್ಲಿ ಬೂಸ್ಟು ಬಂತು. ಲವಂಗ ಹಾಕಿ ಇನ್ನೊಂದು ಸೀಸೆ ಇಟ್ಟಿದ್ದೇನೆ.

ಮಾರಾಟದ ವಿಷಯ. ಬೆಂಗಳೂರಿನ ಚಿತ್ರಸಂತೆಯಲ್ಲಿ ಮೊದಲ ಸಲ ತಲಾ ಆರು ಸಾವಿರ ರೂಪಾಯಿಯ ಮೂಲಚಿತ್ರಗಳನ್ನು ಹರಡಿ ಕುಳಿತೆ. ಎತ್ತಿ ನೋಡಿದವರೆಲ್ಲ ಹಾಗೆಯೇ ಇಟ್ಟು ಹೋದರು, ಬಸ್ಸಿನ ಖರ್ಚೂ ಗಿಟ್ಟಲಿಲ್ಲ. ಮರುವರ್ಷ ಎ4 ಅಳತೆಯ ಪ್ರಿಂಟ್ ಮಾಡಿಸಿದೆ. ನನಗೆ ಬೀಳುವುದು ಎಂಬತ್ತು ರೂಪಾಯಿಯ ಹತ್ತಿರ, ಮಾರುವುದು ಮುನ್ನೂರಕ್ಕೆ. ಮಧ್ಯಾಹ್ನದೊಳಗೆ ಕಟ್ಟು ಖಾಲಿ.

ನಿಜವಾದ ಸಂಪಾದನೆ ಬಂದದ್ದು ನಾನು ಎಣಿಸದ ಕಡೆಯಿಂದ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದನ್ನು ಕಂಡ ಊರು ಇದು. ಅಗ್ರಹಾರದ ಹಳೆಯ ಮನೆಗಳನ್ನು ಕೆಡವುವ ಮುನ್ನ ಮಕ್ಕಳು, ಮೊಮ್ಮಕ್ಕಳು ಕರೆಸುತ್ತಾರೆ. ಜಗಲಿ, ಮರದ ಕಂಬ, ತುಳಸಿಕಟ್ಟೆ, ಬಾಗಿಲ ಮೇಲಿನ ಹೆಸರು ಎಲ್ಲವೂ ಬೇಕು. "ಅಜ್ಜಿ ಕೂರುತ್ತಿದ್ದ ಮೂಲೆಯನ್ನು ಬಿಡಬೇಡಿ ಸಾರ್" ಎನ್ನುತ್ತಾರೆ. ಎಂಟರಿಂದ ಹತ್ತು ಸಾವಿರ ಕೇಳುತ್ತೇನೆ, ಚೌಕಾಸಿ ಮಾಡಿದವರು ಕಡಿಮೆ. ಒಬ್ಬರು ಚಿತ್ರ ಒಯ್ದು ಹಣ ಕೊಡದೇ ಹೋದ ಮೇಲೆ, ಅರ್ಧ ಮುಂಗಡ ಕೈಗೆ ಬಂದ ನಂತರವೇ ಜಾಗ ನೋಡಲು ಹೋಗುತ್ತಿದ್ದೇನೆ.